ಹಾಲ ಗೌಡರ ಮರಣದ ಎರಡನೆಯ ಆವೃತ್ತಿ

ಊಟಿ ಸುತ್ತಲಿನ ಬಡಗರ ಹಟ್ಟಿಗಳ ಸಂಘಕ್ಕೆ ಆಪ್ ಬೇಕೆಂದು ತೀರ್ಮಾನವಾದದ್ದು ಒಂದು ಸಾವಿನ ಮನೆಯ ಅಂಗಳದಲ್ಲಿ. ಸತ್ತವರ ಸೋದರಮಾವನ ಕಡೆಯವರು ಎಲ್ಲ ಮುಗಿದ ಮೇಲೆ ಜೀಪಿನಿಂದಿಳಿದು, ತಮಗೆ ಯಾರೂ ಹೇಳಲೇ ಇಲ್ಲವೆಂದು ಜಗಳ ತೆಗೆದರು. ಹೇಳಿದ್ದೆವು ಎಂದು ಇವರು, ಇಲ್ಲವೆಂದು ಅವರು. ವಾಟ್ಸಾಪಿನಲ್ಲಿ ಹಾಕಿದ್ದೆವು ಎಂದರೆ ಯಾವ ಗುಂಪಿನಲ್ಲಿ ಎಂಬ ಪ್ರಶ್ನೆ. ಗುಂಪುಗಳು ಹಟ್ಟಿಗಳಿಗಿಂತ ಹೆಚ್ಚಾಗಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲು ಬೆಳಗಿನ ಶುಭಾಶಯದ ಗುಲಾಬಿಗಳಿಗೆ ಮೀಸಲಾಗಿದ್ದವು. ಬಡಗರ ಹಟ್ಟಿಯೊಂದರಲ್ಲಿ ಸಾವಾದರೆ ಸುದ್ದಿ ನೆಂಟರಿರುವ ಹಟ್ಟಿಗಳಿಗೆಲ್ಲ ಮುಟ್ಟಬೇಕು. ಮುಟ್ಟಿದರೆ ಮಂದಿ ಕೈಯಲ್ಲಿರುವ ಕೆಲಸ ಬಿಟ್ಟು ಬಂದೇ ಬರುತ್ತಾರೆ. ಮುಟ್ಟದಿದ್ದರೆ ಮಾತು ನಿಂತುಹೋಗುತ್ತದೆ, ಕೆಲವೊಮ್ಮೆ ಒಂದು ತಲೆಮಾರಿನಷ್ಟು ಕಾಲ. ಸಂಘದ ಕಾರ್ಯದರ್ಶಿ ಮಣಿಯವರು ಆ ಜಗಳದ ನಡುವೆ ತಮ್ಮ ಐಫೋನನ್ನು ಎತ್ತಿ ಹಿಡಿದು, "ಇದಕ್ಕೆ ಒಂದು ಆಪ್ ಮಾಡಿಸಿಬಿಡಣ" ಎಂದರು. ಜಗಳ ನಿಂತಿತು. ಆಪ್ ಎಂದರೆ ಏನೆಂದು ಗೊತ್ತಿಲ್ಲದವರೂ ತಲೆಯಾಡಿಸಿದರು.

ಮಣಿಯವರು ಬ್ಯಾಂಕಿನಿಂದ ನಿವೃತ್ತರಾದವರು. ಲವ್‌ಡೇಲ್ ಸ್ಟೇಷನ್ನಿನ ಮೇಲುಗಡೆ ಮನೆ. ಸಹಿ ಹಾಕುವ ಅಭ್ಯಾಸ ಬಿಡಲಾಗದೆ ಸಂಘಕ್ಕೆ ಬಂದರೆಂದು ಅವರಿಗೆ ಆಗದವರು ಹೇಳುತ್ತಿದ್ದರು. ಆಗುವವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಕೆಲಸ ಸುಗನ್ಯಾಳ ಪಾಲಿಗೆ ಬಂತು. ಊಟಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ವರ್ಕಿ ಬಿಸ್ಕತ್ತು ಸುಡುವ ಬೇಕರಿಯೊಂದರ ಮಹಡಿಯಲ್ಲಿ, ಅವಳೂ ಅವಳ ಅಣ್ಣ ಕಾರ್ತಿಯೂ ಆಪ್‌ಗಳನ್ನು ಮಾಡಿಕೊಡುತ್ತಿದ್ದರು. ಬರೆಯುವವಳು ಅವಳು; ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡುವವನು ಅವನು. ಕಲ್ಲಟ್ಟಿ ದಾರಿಯ ಹೋಮ್‌ಸ್ಟೇ, ಬೀಜ ಗೊಬ್ಬರದ ಅಂಗಡಿ, ಶಾಲೆ ವ್ಯಾನುಗಳ ಮಾಲೀಕರು ಎಲ್ಲರೂ ಒಬ್ಬರಿಂದೊಬ್ಬರು ಕೇಳಿ ಬಂದವರೇ. ಬೆಟ್ಟದ ಮೇಲೆ ಈ ಕೆಲಸಕ್ಕೆ ಬೇರೆ ಜಾಹೀರಾತಿಲ್ಲ. "ಸುಗನ್ಯಾ ಮಾಡಿಕೊಟ್ಟದ್ದು, ಕೆಡಲಿಲ್ಲೆ" ಎಂಬ ಒಂದು ಮಾತಿನ ಮೇಲೆ ಆ ಮಹಡಿ ನಿಂತಿತ್ತು.

ಅವಳು ಕೆಲಸ ಮಾಡುವ ವಿಧಾನ ಇದು: ಒಂದೇ ಸಲ ಬರೆದರೆ ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಹೊಂದುವಂಥ ಚೌಕಟ್ಟು ಒಂದಿದೆ, ಅದರಲ್ಲಿ ಬರೆಯುವುದು. ಅಡುಗೆ ಒಂದೇ, ಬಡಿಸುವ ಮನೆ ಎರಡು. ಮೊದಲನೆಯ ಮನೆಯವರು ಹೆಚ್ಚು ಕೇಳದೆ ಒಳಕ್ಕೆ ಬಿಡುತ್ತಾರೆ. ಎರಡನೆಯವರು ಬಾಗಿಲಲ್ಲಿ ನಿಲ್ಲಿಸಿ, ಕೈ ತೊಳೆದಿದ್ದೀಯಾ, ಉಗುರು ತೋರಿಸು, ಯಾರ ಪೈಕಿ, ಎಂದು ವಿಚಾರಿಸುತ್ತಾರೆ. ಹೀಗಾಗಿ ಬರೆಯುವುದಕ್ಕಿಂತ ಅದನ್ನು ಪೊಟ್ಟಣ ಕಟ್ಟಿ, ಗುಟ್ಟಿನ ಕೀಲಿಯಿಂದ ಸಹಿ ಹಾಕಿ, ಎರಡೂ ಫೋನುಗಳ ಆಪ್ ಅಂಗಡಿಗಳ ಬಾಗಿಲು ದಾಟಿಸುವುದೇ ದೊಡ್ಡ ಕೆಲಸ. ಮಣಿಯವರಿಗೆ ಇದನ್ನು ವಿವರಿಸಿದಾಗ, "ಬ್ಯಾಂಕಲ್ಲೂ ಹಂಗೇ" ಎಂದರು. ಯಾವುದನ್ನು ವಿವರಿಸಿದರೂ ಅವರು ಅದನ್ನೇ ಹೇಳುತ್ತಿದ್ದರು.

ಅವರ ಷರತ್ತು ಒಂದೇ ಇತ್ತು. ಒಮ್ಮೆ ಪ್ರಕಟವಾದ ಸಾವನ್ನು ಯಾರೂ ಅಳಿಸುವಂತಿರಬಾರದು.

"ತಪ್ಪಾಗಿ ಹಾಕಿಬಿಟ್ಟರೆ ಸಾರ್?" ಎಂದು ಸುಗನ್ಯಾ ಕೇಳಿದ್ದಳು.

"ಸಾವಿನಲ್ಲಿ ತಪ್ಪೇನಮ್ಮ ಬರುತ್ತದೆ? ಸತ್ತರೆ ಸತ್ತರು. ಆಮೇಲೆ ನಾನು ಹಾಕಲೇ ಇಲ್ಲೆ, ನೀನು ನೋಡಲೇ ಇಲ್ಲೆ ಅಂತ ಜಗಳ ಬರಬಾರದು. ಕಲ್ಲಲ್ಲಿ ಕೆತ್ತಿದ ಹಾಗೆ ಇರಬೇಕು."

"ಕಲ್ಲಲ್ಲೂ ಒಂದು ತಿದ್ದುಪಡಿಗೆ ಜಾಗ ಬಿಟ್ಟಿರೋಣ ಸಾರ್."

"ಬೇಡ."

ಅವಳು ಆಪ್‌ನ ಎರಡು ಪೊಟ್ಟಣ ಕಟ್ಟಿದಳು. ಒಂದು ನಿಜದ್ದು, ಬಿಳಿ ಹಿನ್ನೆಲೆಯ ಮೇಲೆ ದೀಪದ ಚಿತ್ರ. ಇನ್ನೊಂದು ಪರೀಕ್ಷೆಗೆ, ಅದೇ ದೀಪ ಕಿತ್ತಳೆ ಹಿನ್ನೆಲೆಯ ಮೇಲೆ. ಕಿತ್ತಳೆಯಲ್ಲಿ ಯಾರನ್ನು ಬೇಕಾದರೂ ಸಾಯಿಸಬಹುದು, ಸುದ್ದಿ ಮಹಡಿಯಿಂದ ಕೆಳಗಿಳಿಯುವುದಿಲ್ಲ. ಬಿಳಿಯಲ್ಲಿ ಸಾಯಿಸಿದರೆ ಎಲ್ಲ ಹಟ್ಟಿಗಳ ಫೋನುಗಳೂ ಒಟ್ಟಿಗೆ ಕೂಗುತ್ತವೆ. ಮಣಿಯವರ ಫೋನಿಗೆ ಎರಡನ್ನೂ ಹಾಕಿ, ವ್ಯತ್ಯಾಸವನ್ನು ತೋರಿಸಿ, ಅವರ ಬಾಯಿಂದಲೇ ಹೇಳಿಸಿ ಕಳಿಸಿದಳು. ಲವ್‌ಡೇಲ್ ತಲುಪುವಷ್ಟರಲ್ಲಿ ಅವರು ಕಿತ್ತಳೆಯನ್ನು ತೆಗೆದುಹಾಕಿದ್ದರು. ಸಾವಿಗೆ ಆ ಬಣ್ಣ ಹೊಂದುವುದಿಲ್ಲವೆಂದು ಅವರ ಅಭಿಪ್ರಾಯ.

ಆಂಡ್ರಾಯ್ಡಿನದ್ದು ಬೇಗ ಹೊರಬಿತ್ತು. ಹಟ್ಟಿಹಟ್ಟಿಗಳಲ್ಲಿ ಜನ ಅದನ್ನು ಹಾಕಿಕೊಂಡರು; ಯಾರೂ ಸಾಯದೆ ಇದ್ದುದರಿಂದ ಸ್ವಲ್ಪ ಬೇಸರವೂ ಪಟ್ಟರು. ಐಫೋನಿನದ್ದು ಮಾತ್ರ ಬಾಗಿಲಲ್ಲೇ ನಿಂತಿತು. ಅಂಗಡಿಯ ಪರಿಶೀಲಕರು ಬರೆದದ್ದು ಬಹಳ ವಿನಯದಿಂದ: ಈ ಆಪ್‌ನಲ್ಲಿ ನಮಗೆ 'ಪರೀಕ್ಷೆ ಪರೀಕ್ಷೆ' ಎಂಬ ವ್ಯಕ್ತಿಯ ಮರಣ ಮಾತ್ರ ಕಾಣುತ್ತಿದೆ, ತಾತ್ಕಾಲಿಕ ಮಾತುಗಳಿರುವ ಆಪ್‌ಗಳನ್ನು ಒಪ್ಪಲಾಗದು, ನಿಜವಾದ ಮಾಹಿತಿಯೊಂದಿಗೆ ಮತ್ತೆ ಸಲ್ಲಿಸಿ.

ಸುಗನ್ಯಾ ಇದನ್ನು ಮಣಿಯವರಿಗೆ ಕಳಿಸಿ, ಪರಿಶೀಲಕರಿಗೆ ತೋರಿಸಲು ಕಿತ್ತಳೆ ಪೊಟ್ಟಣದಲ್ಲೇ ನಾಲ್ಕು ಹೆಸರು ತುಂಬಿಸುತ್ತೇನೆ, ಸ್ವಲ್ಪ ತಾಳಿ ಎಂದು ಬರೆದಳು. ಮಣಿಯವರು ತಾಳಲಿಲ್ಲ. ಎಲ್ಲರ ಫೋನಿನಲ್ಲೂ ಇದ್ದು, ಆಪ್ ಬೇಕೆಂದು ಹೇಳಿದ ಕಾರ್ಯದರ್ಶಿಯ ಫೋನಿನಲ್ಲಿ ಮಾತ್ರ ಅದು ಅಂಗಡಿಯಿಂದ ಬಂದದ್ದಲ್ಲ ಎನ್ನುವುದು ಅವರ ಮರ್ಯಾದೆಯ ಪ್ರಶ್ನೆಯಾಗಿತ್ತು. ಪರಿಶೀಲಕನಿಗೆ ನಿಜವಾದ ಮಾಹಿತಿ ಬೇಕಂತೆ, ಕೊಡೋಣ, ಎಂದುಕೊಂಡು ಬಿಳಿ ದೀಪವನ್ನು ಒತ್ತಿದರು.

ಹಾಗೆಂದು ಅವರು ಅವಿವೇಕಿಯಲ್ಲ. ಬದುಕಿರುವವರ ಹೆಸರು ಹಾಕುವುದು ಅನಿಷ್ಟ. ಇಲ್ಲದ ಹೆಸರನ್ನು ಹುಟ್ಟಿಸುವುದು ಬೆಟ್ಟದ ಮೇಲೆ ಆಗದ ಮಾತು. ಅಜ್ಜನ ಹೆಸರು ಮೊಮ್ಮಗನಿಗೆ, ಆ ಮೊಮ್ಮಗನ ಹೆಸರು ಅವನ ಮೊಮ್ಮಗನಿಗೆ ಹೋಗುವ ಊರುಗಳಿವು. ಹಾಲ, ಬೆಳ್ಳ, ಕೆಂಪ, ಭೀಮ ಎಂದು ಯಾವ ಹೆಸರನ್ನು ಯಾವ ಹಟ್ಟಿಗೆ ಜೋಡಿಸಿದರೂ ಅಲ್ಲೊಬ್ಬರು ಎದ್ದು ಏನು ಎನ್ನುತ್ತಾರೆ. ಆದ್ದರಿಂದ ಮಣಿಯವರು ಯೋಚಿಸಿ, ಈಗಾಗಲೇ ಸತ್ತವರೊಬ್ಬರನ್ನು ಆರಿಸಿದರು: ತೊರೆಹಟ್ಟಿಯ ಹಾಲ ಗೌಡರು. ಅವರ ಸಾವಿಗೆ ಮಣಿಯವರೇ ಹೋಗಿ ಬಂದಿದ್ದರು. ಸತ್ತವರು ಮತ್ತೊಮ್ಮೆ ಸಾಯುವುದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಅವರ ಲೆಕ್ಕ. ತೊರೆಹಟ್ಟಿಯಲ್ಲಿ ಒಬ್ಬನೇ ಅಜ್ಜನ ಇಬ್ಬರು ಗಂಡುಮಕ್ಕಳಿಗೆ ಹುಟ್ಟಿದ ಹಿರಿಯ ಮಕ್ಕಳಿಬ್ಬರಿಗೂ ಆ ಅಜ್ಜನ ಹೆಸರೇ ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಸತ್ತದ್ದು ದೊಡ್ಡ ಹಾಲ ಗೌಡರು. ಚಿಕ್ಕ ಹಾಲ ಗೌಡರು ಆ ಹೊತ್ತಿಗೆ ಮೇಲಿನ ಟೀ ತೋಟದಲ್ಲಿ ಲೀಫ್ ಕೀಳುತ್ತಿದ್ದರು.

ತೋಟದಲ್ಲಿ ಸಿಗ್ನಲ್ ಇರಲಿಲ್ಲ. ಅವರು ಚೀಲ ಹೊತ್ತು ಇಳಿದು ಬರುವಾಗ ಮನೆಯ ಮುಂದೆ ಜೀಪುಗಳು ನಿಂತಿದ್ದವು. ಬಿಳಿ ಮುಂಡು ಹೊದ್ದ ಹೆಂಗಸರು ಅಂಗಳದಲ್ಲಿ ಕೂತು ಅಳುತ್ತಿದ್ದರು. ಹೆಂಡತಿ ಕೆಂಪಿ ಬಾಗಿಲಲ್ಲಿ ನಿಂತು, ಸತ್ತಿಲ್ಲೆ, ಲೀಫ್ ಕೀಳೋಕೆ ಹೋದ್ದಾರೆ, ಎಂದು ಹೇಳುತ್ತಲೇ ಇದ್ದಳು. ಬಂದವರು ಪಾಪ, ಆಘಾತ, ಎಂದು ಅವಳ ಕೈ ಹಿಡಿದುಕೊಳ್ಳುತ್ತಿದ್ದರು. ಹಿತ್ತಲ ಕಡೆಯಿಂದ ಬಂದ ಹಾಲ ಗೌಡರಿಗೆ ಮೊದಲು ಕೇಳಿಸಿದ್ದು ಗೂಡಲೂರಿನಿಂದ ಬಂದ ಭಾವಮೈದುನನ ದನಿ.

"ಒಳ್ಳೆ ಮನುಷ. ಆ ಕೋಪ ಒಂದಿಲ್ಲೆ ಅಂದಿದ್ದರೆ."

"ಕೋಪವೇ ತಿಂತು ಅನ್ನು. ಮೇಲಿನ ತೋಟ ಇನ್ನು ದಾರ ನೋಡದು?"

ಹಾಲ ಗೌಡರು ಚೀಲವನ್ನು ಅಂಗಳದ ನಡುವೆ ಎತ್ತಿ ಹಾಕಿದರು. "ನಾನೇ ನೋಡದು" ಎಂದರು.

ಆಮೇಲೆ ಆದದ್ದನ್ನು ತೊರೆಹಟ್ಟಿಯಲ್ಲಿ ಈಗಲೂ ಬೇರೆಬೇರೆ ರೀತಿ ಹೇಳುತ್ತಾರೆ. ಎಳೆಯರಲ್ಲಿ ಕೆಲವರು ಅಳುತ್ತಿದ್ದ ಹಾಗೇ, ಹಿರಿಯರನ್ನು ಕಂಡ ಅಭ್ಯಾಸಬಲದಿಂದ ತಲೆ ಬಾಗಿದರೆಂದೂ, ಹಾಲ ಗೌಡರು ಅಷ್ಟು ಕೋಪದಲ್ಲೂ ಅಭ್ಯಾಸಬಲದಿಂದ ಅವರ ತಲೆ ಮುಟ್ಟಿ, ಬದುಕು ಬದುಕು ಎಂದು ಹರಸಿದರೆಂದೂ ಎಲ್ಲರೂ ಒಪ್ಪುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಕೆಂಪಿ ಹಂಡೆ ಇಳಿಸಿ, ಅನ್ನಕ್ಕಿಟ್ಟು, ಅವರೆ ಉದಕದ ಸಾರು ಮಾಡಿದಳು. ಸಂಜೆಯವರೆಗೂ ಜೀಪುಗಳು ಬರುತ್ತಲೇ ಇದ್ದವು. ಸತ್ತವನೇ ಎಲೆ ಹಾಕಿ ಬಡಿಸಿದ.

ಮರುದಿನ ಬೆಳಿಗ್ಗೆ ಅವರು ಊಟಿಯ ಬೇಕರಿಯ ಮೆಟ್ಟಿಲು ಹತ್ತಿದರು. ಸುಗನ್ಯಾ ಅವರನ್ನು ಮೊದಲು ಕಂಡವಳಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು, ಫೋನನ್ನು ಮೇಜಿನ ಮೇಲಿಟ್ಟರು. ತೆರೆಯ ಮೇಲೆ ಬಿಳಿ ದೀಪವಿತ್ತು.

"ಇದರಲ್ಲಿ ಸತ್ತಿರೋದು ನಾನು" ಎಂದರು. "ಇದ ಮಾಡಿದ್ದು ನೀನಾ ಕೂಸೇ?"

"ಆಪ್ ಮಾಡಿದ್ದು ನಾನು ಮಾಮ. ನಿಮ್ಮ ಹೆಸರು ಹಾಕಿದ್ದು ನಾನಲ್ಲ."

"ಮತ್ತೆ ದಾರ?"

ಹಿಂದಿನ ದಿನ ಮಧ್ಯಾಹ್ನದಿಂದ ಅವಳು ಅದನ್ನೇ ಎಲ್ಲರಿಗೂ ಹೇಳಿ ಸಾಕಾಗಿದ್ದಳು. ಯಾರೂ ಕೇಳಿಸಿಕೊಂಡಿರಲಿಲ್ಲ. ಮಸಿನಗುಡಿಯ ಇನ್ನೊಂದು ಹೋಮ್‌ಸ್ಟೇಯವರು ರೂಮು ಬುಕಿಂಗಿನ ಆಪ್ ಮಾಡಿಸುವುದನ್ನು ಸ್ವಲ್ಪ ಮುಂದಕ್ಕೆ ಹಾಕೋಣವೆಂದಿದ್ದರು. ಶಾಲೆ ವ್ಯಾನಿನವರು ಫೋನ್ ಮಾಡಿ, ನಮ್ಮದರಲ್ಲಿ ಮಕ್ಕಳ ಹೆಸರಿದೆಯಮ್ಮ, ಅದರಲ್ಲಿ ಹೀಗೇನೂ ಆಗುವುದಿಲ್ಲವಲ್ಲ, ಎಂದು ಕೇಳಿದ್ದರು. ಕೆಳಗೆ ಬೇಕರಿಯವನು, ಸಾವಿನ ಆಪ್ ಅಕ್ಕನಿಗೆ ಎರಡು ಟೀ ಎಂದು ಕೂಗಿದ್ದು ಮಹಡಿಯವರೆಗೂ ಕೇಳಿಸಿತ್ತು.

ಅವಳು ಹೇಳಿದಳು. ಹಾಲ ಗೌಡರು ಪೂರ್ತಿ ಕೇಳಿಸಿಕೊಂಡರು.

"ಸರಿ. ಈಗ ನನ್ನ ಅದರಿಂದ ತೆಗೆ."

"ತೆಗೆಯೋಕೆ ಆಗಲ್ಲ ಮಾಮ. ತೆಗೆಯುವ ಹಾಗೆ ಇರಬಾರದು ಅಂತ ಮಣಿ ಸಾರ್ ಹೇಳಿದ್ದರು. ಬೆಟ್ಟದಲ್ಲಿ ಸಿಗ್ನಲ್ ಇಲ್ಲ ಅಂತ ಸುದ್ದಿಯನ್ನು ಫೋನಿನ ಒಳಗೇ ಇಡಿಸಿದ್ದಾರೆ. ಹೊಸ ಆವೃತ್ತಿ ಕಟ್ಟಿ ಕಳಿಸಬೇಕು."

ಮೂಲೆಯಲ್ಲಿ ಕೂತಿದ್ದ ಕಾರ್ತಿ ಮಧ್ಯೆ ಬಾಯಿ ಹಾಕಿದ. ಅವನಿಗೆ ಸುಲಭದ ದಾರಿಗಳು ಬೇಗ ಹೊಳೆಯುತ್ತಿದ್ದವು. "ಅಲ್ಲಿವರೆಗೂ ಒಂದು ಮಾಡಬಹುದು ಮಾಮ. ಇನ್ನೊಂದು ಸುದ್ದಿ ಹಾಕಬಹುದು. ಹಾಲ ಗೌಡರು ಬದುಕಿದ್ದಾರೆ ಅಂತ."

"ಹಾಕು ಮತ್ತೆ."

"ಏನಂದರೆ, ಇದರಲ್ಲಿ ಸಾವಿನ ಸುದ್ದಿಗೆ ಮಾತ್ರ ಜಾಗ ಇದೆ. ಮೃತರ ಹೆಸರು ಅನ್ನೋ ಕಡೆ ನಿಮ್ಮ ಹೆಸರು ಹಾಕಿ, ಊರಿನ ಹತ್ತಿರ ಬದುಕಿದ್ದಾರೆ ಅಂತ ಸೇರಿಸಬೇಕು. ಹೆಣ ಎತ್ತುವ ಸಮಯ ಅಂತ ಒಂದು ಕೇಳುತ್ತೆ. ಅದನ್ನ ಬಿಡೋಕೆ ಆಗಲ್ಲ, ಏನಾದರೂ ತುಂಬಿಸಬೇಕು."

ಹಾಲ ಗೌಡರು ಕಾರ್ತಿಯನ್ನು ತುಂಬ ಹೊತ್ತು ನೋಡಿದರು. "ಇವ ನಿನ್ನ ದಾರ?" ಎಂದು ಸುಗನ್ಯಾಳನ್ನು ಕೇಳಿದರು.

"ಅಣ್ಣ."

"ಒಡಹುಟ್ಟಿದವನಾ?"

"ಹೌದು ಮಾಮ."

"ಸರಿ, ಏನ ಮಾಡದು" ಎಂದು, ಮಣಿಯವರಿಗೆ ಫೋನ್ ಹಚ್ಚಿಸಿದರು.

ಮಣಿಯವರ ದನಿ ಫೋನಿನಿಂದ ಬಹಳ ಹಿತವಾಗಿ ಹೊರಬಂತು. ತಮಗೂ ಬಹಳ ಬೇಜಾರಾಗಿದೆ. ಭಾನುವಾರ ಸಂಘದ ಸಭೆಯಿದೆ, ಅಲ್ಲಿ ಹೇಳಿಬಿಡುತ್ತೇವೆ. ಏನೋ ತಾಂತ್ರಿಕ ದೋಷ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಪಮೃತ್ಯು ಕಳೆದು ಆಯಸ್ಸು ಹೆಚ್ಚಾಯಿತು ಎಂದುಕೊಳ್ಳಬೇಕು.

ಸುಗನ್ಯಾ ಎದ್ದು ನಿಂತಳು. "ತಾಂತ್ರಿಕ ದೋಷ ಯಾವುದು ಸಾರ್?"

"ಅಲ್ಲಿ ಇದ್ದೀಯಾ ನೀನು? ಅದೇ ಅಮ್ಮ, ಆ ಬಿಳಿ ಕಿತ್ತಳೆ ಗೊಂದಲ."

"ಗೊಂದಲ ಇರಲಿಲ್ಲ ಸಾರ್. ಕಿತ್ತಳೆಯದನ್ನು ನೀವು ತೆಗೆದಿರಿ. ತಾಳಿ ಅಂತ ನಾನು ಬರೆದಿದ್ದೆ. ತಾಂತ್ರಿಕ ಅಂದರೆ ಊಟಿಯಲ್ಲಿ ಎಲ್ಲರಿಗೂ ನಾನು. ನೀವು ಆ ಮಾತು ಹೇಳಿದರೆ ನಾನು ಈ ಬೆಟ್ಟದಲ್ಲಿ ಇನ್ನೊಂದು ಆಪ್ ಮಾಡೋಕೆ ಆಗಲ್ಲ."

"ನಿನ್ನ ಹೆಸರು ಯಾರು ಹೇಳುತ್ತಾರೆ? ಯಾರ ಹೆಸರೂ ಹೇಳಲ್ಲ. ಅದಕ್ಕೇ ಆ ಮಾತು ಇರೋದು. ಬ್ಯಾಂಕಲ್ಲೂ ಹಂಗೇ."

ಭಾನುವಾರದ ಸಭೆಗೆ ಜನ ಹೆಚ್ಚು ಬಂದಿದ್ದರು, ಬಹುಮಟ್ಟಿಗೆ ಹಾಲ ಗೌಡರನ್ನು ನೋಡಲು. ಮಣಿಯವರು ವೇದಿಕೆಯ ಮೇಲಿನಿಂದ ಹೇಳಿದರು: ತಾಂತ್ರಿಕ ದೋಷದಿಂದ ತೊರೆಹಟ್ಟಿಯ ಹಿರಿಯರೊಬ್ಬರ ಬಗ್ಗೆ ತಪ್ಪು ಸುದ್ದಿ ಪ್ರಕಟವಾಯಿತು, ಸಂಘ ವಿಷಾದಿಸುತ್ತದೆ. ಯಾರ ಹೆಸರೂ ಹೇಳಲಿಲ್ಲ. ಸಭೆಯ ತಲೆಗಳೆಲ್ಲ ಹಿಂದಿನ ಸಾಲಿನಲ್ಲಿದ್ದ ಸುಗನ್ಯಾಳ ಕಡೆಗೆ ತಿರುಗಿದವು. ಹೆಂಗಸೊಬ್ಬಳು ಪಕ್ಕದವಳಿಗೆ, ಅದೇ ಹೆಣ್ಣು, ಅದೇ, ಎಂದಳು.

ಹಾಲ ಗೌಡರು ಎದ್ದರು. ಬಿಳಿ ಮುಂಡಾಸು ಸರಿಮಾಡಿಕೊಂಡರು.

"ಮಣಿ, ಒಂದು ಕೇಳದಿತ್ತು. ನನ್ನ ಸಾಯಿಸಿದ್ದು ದಾರ ಅಂದೆ?"

"ತಾಂತ್ರಿಕ ದೋಷ, ಗೌಡ್ರೇ."

"ಅವ ಯಾವ ಹಟ್ಟಿ? ದಾರ ಮಗ?"

ಸಭೆ ನಕ್ಕಿತು. ಹಾಲ ಗೌಡರು ನಗಲಿಲ್ಲ. "ನಗಬೇಡಿ. ನಿಂಗ ಎಲ್ಲ ಬಂದು ಉಂಡು ಹೋದಿರಿ. ಸುದ್ದಿ ಹೇಳಿದವ ದಾರ ಅಂತ ಗೊತ್ತಿಲ್ಲದೆ ಸಾವು ಹೇಳೋ ಪದ್ಧತಿ ನಂಗ ಹಟ್ಟಿಯಲ್ಲಿಲ್ಲೆ. ಹೇಳೋಕೆ ಬಂದವ ಬಾಗಿಲಲ್ಲಿ ನಿಂತು, ನಾನು ಇಂಥವನ ಮಗ, ಇಂಥ ಕಡೆಯಿಂದ ಬಂದೆ ಅಂತಾನೆ. ಆಮೇಲೆ ಸುದ್ದಿ. ಇವ ಬಾಗಿಲಿಗೆ ಬರಲಿಲ್ಲೆ, ಹೆಸರು ಹೇಳಲಿಲ್ಲೆ. ಈಗ ಒಂದು ಹೆಣ್ಣುಕೂಸಿನ ಬೆನ್ನಿಂದೆ ನಿಂತ್ಕಂಡು ವಿಷಾದ ಅಂತಾನೆ."

ವೇದಿಕೆಯ ಮೇಲಿದ್ದ ಹಿರಿಯರು ಹಿರಿಯರ ಕೆಲಸ ಮಾಡಿದರು. ಆದದ್ದು ಆಯಿತು ಎಂದರು. ಒಂದೇ ಕುಲ, ಒಂದೇ ಜನ ಎಂದರು. ಇನ್ನು ಮುಂದೆ ಸುದ್ದಿ ಹಾಕುವುದಕ್ಕೂ ತಿದ್ದುವುದಕ್ಕೂ ಇಬ್ಬರು ಒಪ್ಪಬೇಕು, ಒಬ್ಬರು ಸಂಘದವರು, ಒಬ್ಬರು ಆ ಹಟ್ಟಿಯವರು ಎಂದು ತೀರ್ಮಾನಿಸಿದರು. ತೊರೆಹಟ್ಟಿಯ ಕಡೆಯಿಂದ ಯಾರು ಎಂದಾಗ ಹಿಂದಿನಿಂದ ಯಾರೋ, ಸತ್ತವರೇ ಇರಲಿ, ಎಂದರು, ಹಾಗೆಯೇ ಆಯಿತು. ಯಾರ ತಪ್ಪು ಎಂಬ ವಿಷಯವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ತಾಂತ್ರಿಕ ದೋಷ ಎಂಬ ಪದವೇ ಇರಲಿ, ಅದರಲ್ಲಿ ಯಾರಿಗೂ ನೋವಿಲ್ಲ ಎಂದು ಅಧ್ಯಕ್ಷರು ಮುಗಿಸಿದರು. ಟೀ ಬಂತು.

ಹೊರಗೆ ಕಾರ್ತಿ ಅವಳ ಪಕ್ಕ ನಡೆದ. "ಬಿಡು ಸುಗು. ಎರಡು ತಿಂಗಳಲ್ಲಿ ಎಲ್ಲರಿಗೂ ಮರೆತುಹೋಗುತ್ತೆ."

"ನಿನಗೆ ಮರೆತುಹೋಗುತ್ತೆ."

"ಅವರು ದೊಡ್ಡವರು. ನಾಳೆ ಇನ್ನೊಂದು ಕೆಲಸಕ್ಕೆ ಬೇಕಾಗುತ್ತಾರೆ."

"ಯಾವ ಕೆಲಸ? ಹೆಸರು ಕೆಟ್ಟ ಮೇಲೆ ಯಾವ ಕೆಲಸ ಅಣ್ಣ? ಅವರು ಹೊತ್ತಿಗೊಬ್ಬರನ್ನ ಸಾಯಿಸಬಹುದು, ನಾನು ಹೊತ್ತಿಗೊಂದು ಸಲ ವಿಷಾದಿಸಬೇಕಾ?"

ಚೇರಿಂಗ್ ಕ್ರಾಸ್‌ನಲ್ಲಿ ಪ್ರವಾಸಿಗಳ ಕಾರುಗಳು ಒಂದಕ್ಕೊಂದು ಅಂಟಿಕೊಂಡು ಕೂಗುತ್ತಿದ್ದವು. ಅವಳಿಗೂ ಹಾಗೆ ಕೂಗಬೇಕೆನಿಸಿತು. ಕೂಗದೆ ಆಫೀಸಿಗೆ ಹೋಗಿ ಹೊಸ ಆವೃತ್ತಿ ಬರೆಯಲು ಕೂತಳು. ತಿದ್ದುಪಡಿಗೆ ಜಾಗ ಮಾಡಿದಳು. ಇಬ್ಬರ ಒಪ್ಪಿಗೆಯ ವ್ಯವಸ್ಥೆ ಮಾಡಿದಳು. ಕೋಪದಲ್ಲಿ ಬರೆದದ್ದರಲ್ಲಿ ತಪ್ಪುಗಳಿರುತ್ತವೆಂದು ಹೇಳುತ್ತಾರೆ. ಅವಳದ್ದರಲ್ಲಿ ಒಂದೂ ಇರಲಿಲ್ಲ. ಪ್ರತಿಯೊಂದನ್ನೂ ಮೂರನೆಯ ಸಲ ಪರೀಕ್ಷಿಸುವಾಗ ಅವಳ ಎದುರಿಗೆ ಮಣಿಯವರ ಮುಖವಿತ್ತು.

ಮರುದಿನ ಮಣಿಯವರು ಬಂದರು. ಹೊಸ ಆವೃತ್ತಿಯಲ್ಲಿ ಎಲ್ಲರ ಫೋನಿಗೂ ಹೋಗಬೇಕಾದ ತಿದ್ದುಪಡಿಯ ಮಾತನ್ನು ಅವರೇ ಬರೆದು ತಂದಿದ್ದರು. ಜೇಬಿನಿಂದ ಕನ್ನಡಕ ತೆಗೆದು ಓದಿದರು: "ತಾಂತ್ರಿಕ ದೋಷದಿಂದ ಉಂಟಾದ ತಪ್ಪು ಮಾಹಿತಿಯನ್ನು ಸರಿಪಡಿಸಲಾಗಿದೆ."

"ಇದನ್ನ ಹಾಕಲ್ಲ ಸಾರ್" ಎಂದಳು ಸುಗನ್ಯಾ.

"ಮತ್ತೆ ಏನು ಹಾಕುತ್ತೀ?"

ಅವಳು ತೆರೆಯನ್ನು ಅವರ ಕಡೆ ತಿರುಗಿಸಿದಳು. ಅಲ್ಲಿತ್ತು: ತೊರೆಹಟ್ಟಿಯ ಹಾಲ ಗೌಡರು ಬದುಕಿದ್ದಾರೆ. ಅವರು ಸತ್ತರೆಂದು ಪ್ರಕಟಿಸಿದವರು ಸಂಘದ ಕಾರ್ಯದರ್ಶಿ, ಲವ್‌ಡೇಲಿನ ಮಣಿ. ಆಪ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಮಣಿಯವರು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಇದು ಸಂಘದ ಆಪ್" ಎಂದರು.

"ಹೌದು."

"ಸಂಘ ಹೇಳಿದ್ದನ್ನ ಹಾಕೋದು ನಿನ್ನ ಕೆಲಸ."

"ಪೊಟ್ಟಣ ಕಟ್ಟಿ ಸಹಿ ಹಾಕೋದು ನನ್ನ ಕೆಲಸ. ಸುಳ್ಳಿಗೆ ಸಹಿ ಹಾಕಲ್ಲ."

"ಬೇರೆಯವರ ಕೈಲಿ ಹಾಕಿಸುತ್ತೇನೆ. ಕೊಯಮತ್ತೂರಲ್ಲಿ ಬೇಕಾದಷ್ಟು ಜನ ಇದ್ದಾರೆ."

ಸುಗನ್ಯಾ ಡ್ರಾಯರು ತೆರೆದು ಒಂದು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟಳು. "ಇದು ಸಹಿಯ ಕೀಲಿ. ಇದಿಲ್ಲದೆ ಹೊಸದನ್ನು ಹಳೆಯದರ ಮೇಲೆ ಕೂರಿಸೋಕೆ ಫೋನು ಬಿಡಲ್ಲ. ಪಾಸ್‌ವರ್ಡ್ ಹೇಳುತ್ತೇನೆ, ಬರೆದುಕೊಳ್ಳಿ. ತಗೊಂಡು ಹೋಗಿ. ಆದರೆ ಕೊಯಮತ್ತೂರಿನವರಿಗೆ ನೀವೇ ಹೇಳಬೇಕು, ಯಾಕೆ ಹೊಸದು ಬೇಕಾಯಿತು, ಏನಾಯಿತು, ಯಾರು ಒತ್ತಿದರು ಅಂತ. ಅವರೂ ಕೇಳುತ್ತಾರೆ. ಕೇಳದೆ ಯಾರೂ ಕಟ್ಟೋಕೆ ಆಗಲ್ಲ."

"ಸುಗು" ಎಂದ ಕಾರ್ತಿ.

"ನೀನು ಸುಮ್ಮನಿರು ಅಣ್ಣ."

"ದೊಡ್ಡವರ ಹತ್ತಿರ ಮಾತಾಡೋ ರೀತಿಯೇನಮ್ಮ ಇದು?" ಮಣಿಯವರ ದನಿ ಮೊದಲ ಬಾರಿಗೆ ಹಿತ ಕಳೆದುಕೊಂಡಿತ್ತು. "ನಿನ್ನ ಅಪ್ಪನ ಜೊತೆ ಓದಿದವ ನಾನು. ಈ ಕೆಲಸ ಕೊಡಿಸಿದವ ನಾನು. ಒಂದು ಸಣ್ಣ ತಪ್ಪು, ಅದನ್ನ ನಾನು ಊರಿಗೆಲ್ಲ ಸ್ಪೀಕರ್ ಕಟ್ಟಿ ಹೇಳಬೇಕಾ?"

"ಸಣ್ಣ ತಪ್ಪಾದರೆ ಹೇಳೋಕೆ ಏನು ಕಷ್ಟ ಸಾರ್? ನಾನು ಮಾಡಿದ್ದು ಅಂತ ಒಂದು ವಾಕ್ಯ. ಭಾನುವಾರ ಹೇಳಿದ್ದರೆ ಎಲ್ಲ ನಕ್ಕು ಟೀ ಕುಡಿದು ಹೋಗುತ್ತಿದ್ದರು. ಈಗ ನನಗೆ ಫೋನ್ ಮಾಡಿ, ನಮ್ಮ ಮಕ್ಕಳನ್ನೇನೂ ಸಾಯಿಸಲ್ಲವಲ್ಲ ಅಂತ ಕೇಳುತ್ತಾರೆ. ನಿಮಗೆ ಯಾರಾದರೂ ಫೋನ್ ಮಾಡಿ ಕೇಳಿದರಾ?"

ಯಾರೂ ಕೇಳಿರಲಿಲ್ಲ. ಮಣಿಯವರು ಕೀಲಿಯನ್ನು ನೋಡಿದರು. ಬೆರಳಿನಷ್ಟುದ್ದ, ಕಪ್ಪು ಪ್ಲಾಸ್ಟಿಕ್ಕು. ಕೈ ಚಾಚಿದರೆ ಸಿಗುತ್ತಿತ್ತು. ಅದನ್ನು ತೆಗೆದುಕೊಂಡರೆ ಮುಂದೇನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ; ಗೊತ್ತಿಲ್ಲವೆಂದು ಹೇಳುವ ಅಭ್ಯಾಸವೂ ಇರಲಿಲ್ಲ. "ನಿನ್ನ ಇಷ್ಟ. ಆಮೇಲೆ ನನ್ನನ್ನ ದೂರಬೇಡ" ಎಂದು ಎದ್ದು, ಮೆಟ್ಟಿಲಿಳಿದು ಹೋದರು. ತಾವು ಬರೆದು ತಂದ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು. ಕಾರ್ತಿ ಅದನ್ನು ತೆಗೆದು ಮಡಿಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

ಸುಗನ್ಯಾ ಎರಡೂ ಬಗೆಯ ಫೋನುಗಳಿಗೆ ಪೊಟ್ಟಣ ಕಟ್ಟಿದಳು. ಸಹಿ ಹಾಕಿದಳು. ಅಂಗಡಿಗಳವರು 'ಈ ಆವೃತ್ತಿಯಲ್ಲಿ ಹೊಸತೇನು' ಎಂದು ಕೇಳುವ ಜಾಗದಲ್ಲೂ ಅದೇ ಮೂರು ವಾಕ್ಯ ಅಂಟಿಸಿದಳು. ಅಲ್ಲಿ ಸಾಮಾನ್ಯವಾಗಿ ಎಲ್ಲರೂ 'ಸಣ್ಣಪುಟ್ಟ ಸುಧಾರಣೆಗಳು' ಎಂದು ಬರೆಯುತ್ತಾರೆ, ಅವಳೂ ಇಷ್ಟು ದಿನ ಹಾಗೇ ಬರೆದವಳು. ಐಫೋನಿನ ಪರಿಶೀಲಕರಿಗೆ ಈ ಬಾರಿ ಯಾವ ಪ್ರಶ್ನೆಯೂ ಇರಲಿಲ್ಲ. ನಿಜವಾದ ಮಾಹಿತಿ ಕೇಳಿದ್ದರು, ಬಂದಿತ್ತು.

ಬೆಟ್ಟದ ಫೋನುಗಳೆಲ್ಲ ಕೂಗಿದವು. ತೋಟದಲ್ಲಿದ್ದವರು ಲೀಫ್ ಬಿಟ್ಟು ಓದಿದರು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಓದಿ ಇನ್ನೊಬ್ಬರಿಗೆ ಹೇಳಿದರು. ಕಾರ್ಯದರ್ಶಿಯ ಹೆಸರು ಬಂದ ಕಡೆ ಸ್ವಲ್ಪ ನಿಲ್ಲಿಸಿ, ಮತ್ತೆ ಓದಿದರು. ಬೇಕರಿಯವನು ಟೀ ತಂದವನು ಬಾಗಿಲಲ್ಲಿ ನಿಂತು, "ಅಂದರೆ ಅಕ್ಕ, ನೀವಲ್ಲ" ಎಂದ. ಅಲ್ಲ ಎಂದಳು. ಹಾಗಾದರೆ ಸರಿ ಎಂಬಂತೆ ಅವನು ಗ್ಲಾಸು ಇಟ್ಟು ಹೋದ. ವ್ಯಾನಿನ ಮಾಲೀಕರು ಫೋನ್ ಮಾಡಿ ಬೇರೆ ಏನೋ ಮಾತಾಡಿ, ಇಡುವ ಮುಂಚೆ, ಆ ವಿಷಯ ನೋಡಿದೆವಮ್ಮ ಎಂದರು. ಅಷ್ಟೇ. ಯಾರೂ ಕ್ಷಮಿಸು ಎನ್ನಲಿಲ್ಲ. ಅವಳ ಕೋಪ ಅದರಿಂದ ಕಡಿಮೆಯೂ ಆಗಲಿಲ್ಲ. ತಾನು ಮಾಡದ್ದನ್ನು ಮಾಡಲಿಲ್ಲವೆಂದು ಹೇಳಲು ಎಲ್ಲರ ಫೋನಿಗೂ ಹೊಸ ಆವೃತ್ತಿ ಕಳಿಸಬೇಕಾಗಿ ಬಂದದ್ದನ್ನು ನೆನೆದು ಇನ್ನಷ್ಟು ಹೆಚ್ಚಿತು.

ಮೂರನೆಯ ದಿನ ತೊರೆಹಟ್ಟಿಯಿಂದ ಫೋನ್ ಬಂತು.

"ಕೂಸೇ, ಹಾಲ. ಬದುಕಿರೋ ಹಾಲ."

"ಹೇಳಿ ಮಾಮ."

"ಇದರಲ್ಲಿ ಏನೋ ಬಂದದೆ ನೋಡು. ತಿದ್ದುಪಡಿಗೆ ನಿಂಗ ಒಪ್ಪಿಗೆ ಬೇಕು ಅಂತದೆ. ಎರಡು ಬಟನ್ನು."

ಅವಳು ತನ್ನ ತೆರೆಯಲ್ಲಿ ನೋಡಿದಳು. ಮಣಿಯವರು ಲವ್‌ಡೇಲಿನಿಂದ, ಹೊಸ ವ್ಯವಸ್ಥೆಯನ್ನು ಸರಿಯಾಗಿಯೇ ಬಳಸಿ, ಮೂರು ವಾಕ್ಯಗಳಲ್ಲಿ ನಡುವಿನದನ್ನು ತೆಗೆಯಬೇಕೆಂದು ಕೋರಿದ್ದರು. ಹೊಸದನ್ನು ಬಳಸುವುದು ಹೇಗೆಂದು ಅವರು ಯಾರ ಬಳಿಯೂ ಕೇಳಿರಲಿಲ್ಲ.

"ಮಣಿ ಸಾರ್ ತಮ್ಮ ಹೆಸರು ತೆಗೆಯೋಕೆ ಕೇಳಿದ್ದಾರೆ ಮಾಮ. ನೀವು ಒಪ್ಪಿದರೆ ಹೋಗುತ್ತೆ."

"ಓ." ದನಿಯ ಜೊತೆ ಗಾಳಿಯ ಸದ್ದೂ ಬರುತ್ತಿತ್ತು, ತೋಟದ ಅಂಚಿಗೆ, ಸಿಗ್ನಲ್ ಸಿಗುವ ಜಾಗಕ್ಕೆ, ನಡೆದು ಬಂದು ಮಾತಾಡುತ್ತಿದ್ದರೆಂದು ಕಾಣುತ್ತದೆ. ಹಿಂದಿನಿಂದ ಕೆಂಪಿಯ ದನಿ, ಅದ ಒತ್ತಬೇಡಿ, ಅಷ್ಟು ಮಂದಿಗೆ ಬೇಯಿಸಿದವಳು ನಾನು, ಎಂದಿತು.

"ಇವಳು ಬೇಡ ಅಂತಾಳೆ" ಎಂದರು ಹಾಲ ಗೌಡರು. "ನನ್ನ ಕೇಳಿದರೆ, ನನಗೆ ಬೇಕಾದ್ದು ಆತು. ಹೆಸರು ಬಂತು, ಎಲ್ಲ ನೋಡಿದರು. ಅವನಿಗೂ ವಯಸ್ಸಾಗದೆ. ಪಾಪ ಅಂತ ಒತ್ತಿಬಿಡಲಾ ಅಂತಾನೂ ಅನ್ನಿಸದೆ. ಆದರೆ ಹಾಳಾಗಿದ್ದು ನಿನ್ನ ಹೆಸರು. ನೀನು ಹೇಳು. ಒತ್ತಲಾ?"

ಮೇಜಿನ ಆಚೆಯಿಂದ ಕಾರ್ತಿ ತಲೆಯೆತ್ತಿ ನೋಡುತ್ತಿದ್ದ. ಒತ್ತಿಸಿಬಿಡು ಎಂದು ಅವನ ಮುಖದಲ್ಲಿ ಬರೆದಿತ್ತು. ವಾರವಿಡೀ ಎಲ್ಲರ ಮುಖದಲ್ಲೂ ಅದೇ ಬರೆದಿತ್ತು.

"ಬೇಡ ಮಾಮ" ಎಂದಳು ಸುಗನ್ಯಾ. "ಅವರು ಬಂದು ಕೇಳಲಿ."

"ನನ್ನ ಬಾಗಿಲಿಗೆ ಬರಬೇಕು ಅಂತೀಯಾ?"

"ಇಲ್ಲ. ಇಲ್ಲಿಗೆ."

ಹಾಲ ಗೌಡರು ಆ ಕಡೆ ಮೂಗಿನಿಂದ ಒಂದು ಸದ್ದು ಮಾಡಿದರು. ಅದು ನಗುವೋ ಅಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ. "ನಿನಗೂ ಕೋಪ ಸರಿಯಾಗಿಯೇ ಇದೆ" ಎಂದರು. "ಇರಲಿ. ಲೀಫ್ ಬಾಕಿ ಇದೆ, ಇಡಲಾ?"

ಫೋನಿಟ್ಟ ಮೇಲೆ ಸುಗನ್ಯಾ ಕುರ್ಚಿಯನ್ನು ಕಿಟಕಿಯ ಕಡೆಗೆ ಸ್ವಲ್ಪ ತಿರುಗಿಸಿಕೊಂಡಳು. ಅಲ್ಲಿಂದ ಕೆಳಗಿನ ಮೆಟ್ಟಿಲು ಕಾಣುತ್ತಿತ್ತು.